ವ್ಯತ್ಯಾಸ ಬರೆಯಿರಿ

ಸಸ್ಯಶಾಸ್ತ್ರದ ಕೋಣೆಯ ಮಾಡು ಸೋರಿದ್ದು ನೆಪ.
ಕಪಾಟು ಒಂದೇ ಉಳಿಯಿತು, ಕೀಲಿಕೈ ನನ್ನದು.
ಮೇಲಿನ ಹಲಗೆಗೆ ಗುರಿಗೆ ಗಿಡ ಅಂಟಿಸಿದ ಹಾಳೆ,
ಅದೇ ಹಲಗೆಗೆ, ಬೇರೆಲ್ಲೂ ಜಾಗವಿಲ್ಲದ್ದಕ್ಕೆ,
ಫ್ಲೇವಿಯಾ ಮೇಡಂ ಕಾಲದ ಶಾರ್ಕ್ ಮರಿಯ ಜಾಡಿ.
"ಕೆರಿಯಪ್ಪ, ಒಟ್ಟಿಗೇ ಇರಲಿ ಬಿಡೋ,
ಜಗಳ ಆಡೋ ಜಾತಿಯವಲ್ಲ" ಅಂದರು ಪ್ರಿನ್ಸಿಪಾಲರು.

ಇಪ್ಪತ್ತೊಂಬತ್ತು ವರ್ಷ ಧೂಳು ಒರೆಸಿದ್ದೇನೆ ಎರಡಕ್ಕೂ.
ಒಂದು ಕೊಡಚಾದ್ರಿಯ ನೆತ್ತಿಯದು,
ಮೋಡ ಬಂದು ಹುಲ್ಲಿಗೆ ಮೈ ಉಜ್ಜುವ ಎತ್ತರದ್ದು.
ಇನ್ನೊಂದು ಭಟ್ಕಳದಾಚೆ, ದೋಣಿಯವರೂ
ಹೆಸರಿಡದೆ ಬಿಟ್ಟ ಕತ್ತಲಿನದು.
ಬಲೆಗೆ ತಪ್ಪಿ ಬಿದ್ದ ತಾಯಿಯ ಹೊಟ್ಟೆ ಸೀಳಿದಾಗ
ಸಿಕ್ಕಿದ್ದು ಇದೊಂದೇ ಮರಿ ಎಂದು
ಹೇಳುವಾಗ, ಪ್ರತಿ ವರ್ಷದ ಹೊಸ ಮಕ್ಕಳೆದುರು,
ಮೇಡಂ ತುಸು ನಿಲ್ಲುತ್ತಿದ್ದರು.

ಗುರಿಗೆ ಹಾಗಲ್ಲ.
ಏಳು ಮಳೆಗಾಲ ಬರೀ ಸೊಪ್ಪಾಗಿದ್ದು
ಎಂಟನೆಯದರ ಬೆನ್ನಿಗೆ
ಗುಡ್ಡಕ್ಕೆ ಗುಡ್ಡವೇ ಮಾತಾಡಿಕೊಂಡ ಹಾಗೆ
ನೀಲಿ. ಆಮೇಲೆ ಸಾವು, ಅದೂ ಎಲ್ಲ ಒಟ್ಟಿಗೆ.
ವಯಸ್ಸು ಕೇಳಿದರೆ ನಮ್ಮಜ್ಜಿ
"ಒಂಬತ್ತು ಗುರಿಗೆ ಕಂಡವಳು" ಅನ್ನುತ್ತಿದ್ದಳು.
ಹತ್ತನೆಯದಕ್ಕೆ ಕಣ್ಣು ಪೂರ್ತಿ ಮಂಜು;
ಅಂಗೈಗೆ ಬಿದ್ದ ಜೇನು ನೆಕ್ಕಿ ಹೇಳಿದಳು:
"ಬಂತಲ್ಲ ಮಗಾ, ಹೂವು."

ಶಾರ್ಕಿಗೆ ಯಾರು ಎಣಿಸಬೇಕು?
ಅಲ್ಲಿಗೆ ಮಳೆಗಾಲ ಇಳಿಯುವುದಿಲ್ಲವಂತೆ.
ಎರಡು ವರ್ಷ ಬಸಿರು, ಒಂದು ಮರಿ,
ಬಿಡುವು, ಮತ್ತೆ ಎರಡು ವರ್ಷ.
ಕ್ಯಾಲೆಂಡರಿಲ್ಲ, ಕೋಳಿ ಕೂಗಿಲ್ಲ,
ಬೆಳಕೇ ಇಲ್ಲದ ಕಡೆ ಅಷ್ಟು ದೊಡ್ಡ ಕಣ್ಣು.

ಆ ಕಣ್ಣು ಹಸಿರಿತ್ತಂತೆ, ನಾನು ಕೆಲಸಕ್ಕೆ ಸೇರುವ ಮೊದಲು.
ಫಾರ್ಮಲಿನ್ ಅದನ್ನು ಬೇಯಿಸಿದ ಮೊಟ್ಟೆ ಮಾಡಿದೆ.
ಗುರಿಗೆಯ ನೀಲಿ ಈಗ ಚಹಾದ ಕಲೆ.
ಉಳಿದದ್ದು ಹೆಸರಿನ ಚೀಟಿ; ಅದನ್ನೂ
ಬೆಳ್ಳಿಮೀನು ಎಂಬ ಹುಳ ತಿಂದಿತು.
(ಈ ಕಪಾಟಿನಲ್ಲಿ ಬಾಯಿ ಆಡಿಸಿದ ಮೀನು ಅದೊಂದೇ.)

ಈ ಸಲ ಪ್ರಾಕ್ಟಿಕಲ್ ಪರೀಕ್ಷೆಗೆ
ಭದ್ರಾವತಿಯಿಂದ ಬಂದವರು ಅವಸರದ ಮನುಷ್ಯ.
ಸಂಜೆಯ ರೈಲು ಹಿಡಿಯಬೇಕು.
ಕಪಾಟು ನೋಡಿ ನಕ್ಕು, ಬೋರ್ಡಿನ ಮೇಲೆ ಗೀಚಿದರು:
ಮಾದರಿ 'ಅ', ಮಾದರಿ 'ಆ', ವ್ಯತ್ಯಾಸ ಬರೆಯಿರಿ.
ಮಕ್ಕಳೆಲ್ಲ ಸ್ಕೇಲು ಇಟ್ಟು ನಡುವೆ ಗೆರೆ ಎಳೆದರು.
ಬೇರು ಇದೆ, ಬೇರು ಇಲ್ಲ.
ಹಲ್ಲು ಇಲ್ಲ, ಹಲ್ಲು ಇದೆ.
ನಿಲ್ಲುತ್ತದೆ, ಈಜುತ್ತದೆ.
ಒಬ್ಬ ಬರೆದ: ಪೂಜೆಗೆ ಬರುತ್ತದೆ, ಸಾರಿಗೆ ಬರುತ್ತದೆ.
ಎರಡೂ ಸುಳ್ಳು, ಆದರೂ ಅಂಕ ಬಿತ್ತು.

ನಿಟ್ಟೂರಿನ ಜಬೀನ
ನಾಲ್ಕು ಸಾಲು ಬರೆದು ಪೆನ್ನು ಕಚ್ಚಿ ಕೂತಳು.
ಐದನೆಯದಕ್ಕೆ ನಡುಗೆರೆ ದಾಟಿ
ಎರಡೂ ಮನೆಗೆ ಸೇರಿ ಒಂದೇ ವಾಕ್ಯ:
"ಯಾರೂ ನೋಡದಿದ್ದರೂ ದಿನ ತಪ್ಪುವುದಿಲ್ಲ."
"ವ್ಯತ್ಯಾಸ ಕೇಳಿದ್ದು ಮಾರಾಯ್ತಿ" ಅಂದರು ಅವರು,
ಅರ್ಧ ಅಂಕ ಹೋಯಿತು.

ಅಟೆಂಡರನ್ನು ಯಾರೂ ಕೇಳುವುದಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ,
ಒಂದು ತಾನು ಸತ್ತು ಗುಡ್ಡದ ತುಂಬ ಬಿಟ್ಟುಹೋಗುತ್ತದೆ,
ಇನ್ನೊಂದು ತಾನು ಬದುಕಿ ಒಂದನ್ನು ಬಿಡುತ್ತದೆ,
ಆ ಒಂದೂ
ಜಾಡಿಯಲ್ಲಿದೆ, ಸರ್.

ಎಲ್ಲ ಹೋದಮೇಲೆ ಜಾಡಿಯ ಮಟ್ಟ ಇಳಿದದ್ದು ಕಂಡು
ಹೊಸ ದ್ರಾವಣ ಹುಯ್ದೆ. ಈಚೆಗೆ ಕೈ ನಡುಗುತ್ತದೆ.
ಹನಿಯೊಂದು ಸಿಡಿದು ಹಾಳೆಯ ಮೇಲೆ,
ಒಡೆಯದೆ ಉಳಿದಿದ್ದ ಒಂದು ಒಣಕಾಯಿಯ ಮೇಲೆ ಬಿತ್ತು.
ಕಣ್ಣುರಿ, ತೋಳಿನಿಂದ ಒರೆಸಿಕೊಳ್ಳುತ್ತಿದ್ದೆ,
ಚಟ್.
ಬೀಜ ಹಾರಿ ಗಾಜಿಗೆ ಬಡಿಯಿತು,
ಸರಿಯಾಗಿ ಆ ಬಿಳಿಗಣ್ಣಿನ ಎದುರು.

ಟಾರ್ಚು ಹಿಡಿದು ಮೊಣಕಾಲೂರಿ ಹುಡುಕಿದೆ,
ಮೇಜಿನ ಕಾಲು, ಸಿಂಕಿನ ಅಡಿ, ಸಿಮೆಂಟಿನ ಬಿರುಕು.
ಸಿಗಲಿಲ್ಲ.
ಗುಡಿಸಲು ಬರುವ ರುದ್ರಮ್ಮನಿಗೆ
ನಾಳೆ ಈ ಕೋಣೆ ಬೇಡ ಎಂದು ಚೀಟಿ ಬರೆದು
ಬಾಗಿಲಿಗೆ ಅಂಟಿಸಿ ಬಂದೆ.